ಹೊಳೆಗೆ ತಕ್ಕ ದೋಣಿ: ಅಲ್ಯೂಮಿನಿಯಮ್ಮೋ, ಬಿದಿರೋ?

ಮನೆಯ ಹಿತ್ತಲಿನ ಶೆಡ್ಡಿಗೆ ಅಲ್ಯೂಮಿನಿಯಂ ತಗಡು ತಂದು, ಕತ್ತರಿಸಿ, ಬಗ್ಗಿಸಿ, ಬೆಸುಗೆ ಹಾಕಿ, ಹೊಳೆಮೀನು ಹಿಡಿಯಲು ತಮ್ಮದೇ ದೋಣಿ ಮಾಡಿಕೊಳ್ಳುವುದು ಅಮೆರಿಕದ ಒರೆಗಾನ್ ಕಡೆಯ ಜನಕ್ಕೆ ಪ್ರಿಯವಾದ ಹವ್ಯಾಸ. ಡ್ರಿಫ್ಟ್ ಬೋಟ್ ಎಂದು ಕರೆಯುವ ಈ ದೋಣಿ ಎಂಜಿನ್ ಇಲ್ಲದೆ, ಹರಿವಿನ ಜೊತೆಗೇ ಕೆಳಗಿಳಿಯುತ್ತ ಮೀನುಗಾರನನ್ನು ಒಂದು ಮಡುವಿನಿಂದ ಇನ್ನೊಂದು ಮಡುವಿಗೆ ಒಯ್ಯುತ್ತದೆ. ಇಂಥದ್ದನ್ನು ಮಂಡ್ಯದಲ್ಲೋ ಮದ್ದೂರಿನಲ್ಲೋ ಮಳವಳ್ಳಿಯಲ್ಲೋ ಯಾಕೆ ಕಟ್ಟಬಾರದು ಎಂದು ಯಾರಾದರೂ ಕೇಳಿದರೆ ಅದು ಅಸಂಬದ್ಧ ಪ್ರಶ್ನೆಯಲ್ಲ. ಜಿಲ್ಲೆಯ ಒಡಲಲ್ಲಿ ಕಾವೇರಿ ಇದೆ, ಶಿಂಷಾ ಇದೆ. ಆಲೆಮನೆಯ ಕೊಪ್ಪರಿಗೆಯಿಂದ ಟ್ರ್ಯಾಕ್ಟರ್ ಟ್ರೈಲರ್‌ವರೆಗೆ ತಗಡಿನ ಕೆಲಸ ಬಲ್ಲ ಕೈಗಳಿವೆ. ಹೊಳೆಯಲ್ಲಿ ಬಲೆ ಬೀಸಿ ಬದುಕುವ ಕುಟುಂಬಗಳೂ ಇವೆ. ಇಷ್ಟೆಲ್ಲ ಇದ್ದೂ ನನ್ನ ಉತ್ತರ ಬೇರೆ. ದೋಣಿಯನ್ನು ಮನೆಯಂಗಳದಲ್ಲೇ ಕಟ್ಟಬೇಕು ಎಂಬ ಮಾತು ಸರಿ. ಆದರೆ ಈ ಹೊಳೆಗೆ ಬೇಕಾದ ಡ್ರಿಫ್ಟ್ ಬೋಟ್ ನಮ್ಮಲ್ಲಿ ನೂರಾರು ವರ್ಷಗಳಿಂದ ಇದೆ. ಅದು ಬಿದಿರಿನ ತೆಪ್ಪ, ಗುಂಡನೆಯ ಬುಟ್ಟಿದೋಣಿ. ಒರೆಗಾನ್‌ನವರಿಂದ ನಾವು ತರಬೇಕಾದದ್ದು ಅವರ ದೋಣಿಯ ಆಕಾರವನ್ನಲ್ಲ, ತಮ್ಮ ದೋಣಿಯನ್ನು ಅಳೆದು, ನಕ್ಷೆ ಬರೆದು, ತಿದ್ದುತ್ತ ಬಂದ ಅವರ ಶ್ರದ್ಧೆಯನ್ನು.

ಮೊದಲು ಆ ದೋಣಿಯನ್ನೇ ನ್ಯಾಯವಾಗಿ ನೋಡೋಣ. ಒರೆಗಾನ್‌ನ ರೋಗ್ ಮತ್ತು ಮೆಕೆನ್ಸಿ ನದಿಗಳು ಬೆಟ್ಟದಿಂದ ಕಲ್ಲುಗುಂಡುಗಳ ಮೇಲೆ ಧುಮ್ಮಿಕ್ಕಿ ಹರಿಯುವಂಥವು. ಗ್ಲೆನ್ ವುಲ್ಡ್ರಿಜ್ ಎಂಬ ಮೀನುಗಾರ 1915ರಲ್ಲಿ ಮರದ ದೋಣಿಯಲ್ಲಿ ರೋಗ್ ನದಿಯ ಕಣಿವೆಯನ್ನು ಇಳಿದು ಹೆಸರಾದ. ಆಮೇಲಿನ ದಶಕಗಳಲ್ಲಿ ಮೆಕೆನ್ಸಿ ಕಡೆಯ ಟಾಮ್ ಕಾರ್ಹಸ್, ವುಡಿ ಹಿಂಡ್‌ಮನ್ ಮೊದಲಾದ ಬಡಗಿಗಳು ಅಲ್ಲಿಯ ಮರದ ದೋಣಿಯ ಅಡಿಯನ್ನು ಅಗಲ ಮಾಡಿದರು, ಪಕ್ಕಗಳನ್ನು ಹೊರಕ್ಕೆ ಓರೆಯಾಗಿಸಿದರು, ಎರಡೂ ತುದಿಗಳನ್ನು ಮೇಲಕ್ಕೆ ಬಾಗಿಸಿದರು. ಈ ಬಾಗಿನಲ್ಲೇ ಅದರ ಗುಟ್ಟು ಇದೆ. ತುದಿಗಳು ನೀರಿನಿಂದ ಮೇಲಿದ್ದು ನಡುಭಾಗ ಮಾತ್ರ ನೀರಲ್ಲಿ ಕೂತಿರುವುದರಿಂದ ಹುಟ್ಟಿನ ಒಂದೇ ಎಳೆತಕ್ಕೆ ದೋಣಿ ನಿಂತಲ್ಲೇ ತಿರುಗುತ್ತದೆ. ಹುಟ್ಟು ಹಾಕುವವನು ಹರಿವು ಹೋಗುವ ಕಡೆಗೆ ಮುಖ ಮಾಡಿ ಕೂತು, ಹರಿವಿಗೆ ಎದುರಾಗಿ ಎಳೆಯುತ್ತಾನೆ. ದೋಣಿ ನೀರಿಗಿಂತ ನಿಧಾನವಾಗಿ ಇಳಿಯುತ್ತದೆ, ಎದುರು ಬರುವ ಬಂಡೆ ಕಣ್ಣಿಗೆ ಕಾಣುತ್ತದೆ, ತಪ್ಪಿಸಿಕೊಳ್ಳಲು ಸಮಯ ಸಿಗುತ್ತದೆ. ಮರದ ದೋಣಿ ಬಂಡೆಗೆ ಬಡಿದು ಸೀಳುತ್ತಿತ್ತು, ವರ್ಷವರ್ಷವೂ ಬಣ್ಣ ಬಳಿಯಬೇಕಿತ್ತು. ಆದ್ದರಿಂದ 1970ರ ದಶಕದ ಹೊತ್ತಿಗೆ ಅದೇ ಆಕಾರ ಅಲ್ಯೂಮಿನಿಯಮ್ಮಿಗೆ ಬಂತು. ಅಂದರೆ ಆ ಜನ ಮೊದಲು ತಮ್ಮ ಹೊಳೆಗೆ ತಕ್ಕ ಆಕಾರ ಕಂಡುಕೊಂಡರು, ಲೋಹ ಆಮೇಲೆ ಬಂತು. ಈ ಕ್ರಮವನ್ನು ಮರೆತು ಲೋಹದಿಂದ ಶುರು ಮಾಡಿದರೆ ನಾವು ತಪ್ಪು ದಾರಿ ಹಿಡಿಯುತ್ತೇವೆ.

ಈಗ ಕಟ್ಟುವ ಕೆಲಸ. ಇಂಥ ದೋಣಿ ಸುಮಾರು 16 ಅಡಿ ಉದ್ದ, ಅಡಿಯಲ್ಲಿ ನಾಲ್ಕೂವರೆ–ಐದು ಅಡಿ ಅಗಲ. ತಗಡು ಸುಮಾರು 3 ಮಿ.ಮೀ. ದಪ್ಪ, ಮೆಗ್ನೀಸಿಯಂ ಬೆರೆತ 5052 ಅಥವಾ 5086 ದರ್ಜೆಯದು, ಯಾಕೆಂದರೆ ಅವು ನೀರಿಗೆ ತಡೆಯುತ್ತವೆ, ಬೆಸುಗೆಗೂ ಒಗ್ಗುತ್ತವೆ. ಅಲ್ಯೂಮಿನಿಯಂ ಕಬ್ಬಿಣದ ಮೂರನೇ ಒಂದು ಭಾಗದಷ್ಟೇ ಭಾರವಾದರೂ 3 ಮಿ.ಮೀ. ತಗಡು ಚದರ ಮೀಟರಿಗೆ ಎಂಟು ಕೆ.ಜಿ. ತೂಗುತ್ತದೆ. ಅಡಿ ಮತ್ತು ಎರಡು ಪಕ್ಕಗಳಿಗೆ ಹದಿಮೂರು ಚದರ ಮೀಟರ್ ಬೇಕು ಎಂದುಕೊಂಡರೆ ನೂರು ಕೆ.ಜಿ. ದಾಟಿತು, ಅಂಚಿನ ಪಟ್ಟಿ, ಅಡ್ಡಪಟ್ಟಿ, ಆಸನ ಸೇರಿದರೆ ನೂರೈವತ್ತಕ್ಕೆ ಮೇಲೆ. ಬೆಸುಗೆ ಇದಕ್ಕಿಂತ ದೊಡ್ಡ ತೊಡಕು. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಆದರೆ ಅದರ ಮೈಮೇಲೆ ಗಾಳಿಯಿಂದ ತಾನಾಗಿ ಕಟ್ಟುವ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿಗೂ ಹೆಚ್ಚು ಶಾಖ ಬೇಕು. ಪೊರೆಯನ್ನು ಉಜ್ಜಿ ತೆಗೆಯದೆ, ಆರ್ಗಾನ್ ಅನಿಲದ ಮರೆ ಕೊಡದೆ ಬೆಸೆದರೆ ಒಳಗೆ ತೂತು ಉಳಿಯುತ್ತದೆ. ಕೊಂಚ ಹೆಚ್ಚು ಹೊತ್ತು ಒಂದೇ ಕಡೆ ನಿಂತರೆ ತಗಡು ಸುಕ್ಕಾಗುತ್ತದೆ, ಇಲ್ಲವೇ ತಟ್ಟನೆ ತೂತು ಬೀಳುತ್ತದೆ. ನಮ್ಮ ತಾಲ್ಲೂಕು ಕೇಂದ್ರಗಳ ಬೆಸುಗೆ ಅಂಗಡಿಗಳು ಮುಖ್ಯವಾಗಿ ಕಬ್ಬಿಣದವು. ಕಿಟಕಿ, ಪಾರ್ಟಿಷನ್ ಮಾಡುವ ಅಲ್ಯೂಮಿನಿಯಂ ಕೆಲಸಗಾರರು ತಿರುಪು ಮತ್ತು ರಿವೆಟ್‌ನಲ್ಲಿ ಕೂಡಿಸುತ್ತಾರೆ, ಬೆಸೆಯುವುದಿಲ್ಲ. ಕಲಿತರೆ ಯಾರಿಗೂ ಬರುವ ಕೆಲಸವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದೇ ಒಂದು ದೋಣಿಗಾಗಿ ಯಂತ್ರ, ಅನಿಲದ ಸಿಲಿಂಡರು, ತಿಂಗಳುಗಟ್ಟಲೆ ಅಭ್ಯಾಸ, ಇಷ್ಟೆಲ್ಲ ಹೂಡಿದ ಮೇಲೆ ಆ ದೋಣಿ ಇಳಿಯಬೇಕಾದ ಹೊಳೆ ಹೇಗಿದೆ ಎಂದು ಕೇಳಲೇಬೇಕು.

ಒರೆಗಾನ್‌ನಲ್ಲಿ ಬೆಳಿಗ್ಗೆ ಮೇಲಿನ ಒಂದು ಕಡವಿನಲ್ಲಿ ದೋಣಿ ಇಳಿಸಿ, ಸಂಜೆ ಹತ್ತಾರು ಮೈಲಿ ಕೆಳಗಿನ ಇನ್ನೊಂದು ಕಡವಿನಲ್ಲಿ ಟ್ರೈಲರಿಗೆ ಏರಿಸಿ ಮನೆಗೆ ಬರುತ್ತಾರೆ. ನದಿಗೆ ಇಳಿಯಲು ಕಾಂಕ್ರೀಟಿನ ಇಳಿಜಾರು, ಅಲ್ಲಿಗೊಂದು ರಸ್ತೆ, ನಡುವೆ ಅಡ್ಡಿಯಿಲ್ಲದ ಹರಿವು, ಈ ಮೂರೂ ಇದ್ದರೆ ಮಾತ್ರ ಭಾರದ ದೋಣಿಗೆ ಅರ್ಥ. ನಮ್ಮ ಕಾವೇರಿಯ ಕತೆ ಬೇರೆ. ಕನ್ನಂಬಾಡಿಯ ಕೃಷ್ಣರಾಜಸಾಗರ ಅಣೆಕಟ್ಟಿನಿಂದ ಕೆಳಗೆ ಅವಳ ದಾರಿಯುದ್ದಕ್ಕೂ ಚಿಕ್ಕದೇವರಾಯಸಾಗರ, ವಿರಿಜಾ, ಬಂಗಾರದೊಡ್ಡಿ, ತಲಕಾಡಿನ ಬಳಿಯ ಮಾಧವಮಂತ್ರಿ ಹೀಗೆ ಹಳೆಯ ಕಲ್ಲಿನ ಅಣೆಗಳು ಅಡ್ಡ ಮಲಗಿವೆ. ನಮ್ಮ ಭತ್ತ, ಕಬ್ಬಿನ ಗದ್ದೆಗಳಿಗೆ ನೀರುಣಿಸಿದ ಈ ಅಣೆಗಳ ಬಳಿ ನೂರೈವತ್ತು ಕೆ.ಜಿ. ದೋಣಿಯನ್ನು ನಾಲ್ಕು ಜನ ಹೊತ್ತು ದಾಟಿಸಬೇಕಾಗುತ್ತದೆ. ಶಿವನಸಮುದ್ರದಲ್ಲಿ ಹೊಳೆ ಎರಡಾಗಿ ಒಡೆದು ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮುಕುತ್ತದೆ. ಅಲ್ಲಿಗೆ ಯಾವ ದೋಣಿಯ ದಾರಿಯೂ ಮುಗಿಯಿತು. ಅಲ್ಲಿಯ ನೀರನ್ನು ತಿರುಗಿಸಿ 1902ರಿಂದಲೂ ವಿದ್ಯುತ್ ತೆಗೆಯುತ್ತಿದ್ದೇವೆ, ಮೊದಲಿಗೆ ಅದು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಶಿಂಷೆ ಕೂಡಿಕೊಂಡ ಮೇಲೆ ಭೀಮೇಶ್ವರಿ, ಮುತ್ತತ್ತಿಗಳ ಕಾಡಿನಲ್ಲಿ ಹೊಳೆ ಬಂಡೆಗಳ ಸಂದಿಯಲ್ಲಿ ಹತ್ತು ಕವಲಾಗಿ, ಆಳದ ಮಡು, ತೆಳ್ಳನೆಯ ಹರಿವು, ಮತ್ತೆ ಮಡು ಎಂದು ಸಾಗುತ್ತದೆ.

ನೀರಿನ ಪ್ರಮಾಣವೂ ಪ್ರಕೃತಿಯ ಕೈಯಲ್ಲಿಲ್ಲ. ಕೃಷ್ಣರಾಜಸಾಗರದ, ಕಬಿನಿಯ ತೂಬುಗಳು ಎಷ್ಟು ತೆರೆದಿವೆ ಎಂಬುದರ ಮೇಲೆ ಮಳವಳ್ಳಿಯ ಬಳಿ ಹೊಳೆಯ ಆಳ ನಿಂತಿದೆ. ಸುಪ್ರೀಂ ಕೋರ್ಟು 2018ರ ಫೆಬ್ರುವರಿಯಲ್ಲಿ ತಮಿಳುನಾಡಿಗೆ ವರ್ಷಕ್ಕೆ ನಿಗದಿಮಾಡಿದ 177.25 ಟಿಎಂಸಿ ನೀರು ಬಿಳಿಗುಂಡ್ಲುವಿನ ಅಳತೆಗಟ್ಟೆಯನ್ನು ಮುಟ್ಟುವುದು ಈ ಕಾಡಿನ ದಾರಿಯಲ್ಲೇ. ಮಳೆಗಾಲದಲ್ಲಿ ಅಣೆಕಟ್ಟು ತುಂಬಿದಾಗ ಲಕ್ಷ ಕ್ಯೂಸೆಕ್ ಮೀರಿ ಬಿಟ್ಟದ್ದುಂಟು. ಶಿವನಸಮುದ್ರದ ಹಳೆಯ ವೆಲ್ಲೆಸ್ಲಿ ಸೇತುವೆಗೆ 2018ರ ಪ್ರವಾಹ ಪೆಟ್ಟು ಕೊಟ್ಟದ್ದು ಎಲ್ಲರಿಗೂ ನೆನಪಿದೆ. ಬೇಸಿಗೆಯಲ್ಲಿ ಅದೇ ಪಾತ್ರದಲ್ಲಿ ಹಾಸುಬಂಡೆ ಮೇಲೆದ್ದು ಮೊಣಕಾಲುದ್ದದ ಹರಿವು ಉಳಿಯುತ್ತದೆ. ಮದ್ದೂರಿನ ಶಿಂಷೆಯ ಪಾಡಂತೂ ಇನ್ನೂ ಸಣ್ಣದು: ಮೇಲೆ ಮಾರ್ಕೋನಹಳ್ಳಿ ಜಲಾಶಯ, ಕೆಳಗೆ ಇಗ್ಗಲೂರು ಬ್ಯಾರೇಜು. ನಡುವಿನ ಹೊಳೆಯಲ್ಲಿ 16 ಅಡಿಯ ದೋಣಿ ಮೈಲಿಗಟ್ಟಲೆ ತೇಲಿ ಹೋಗುವಂಥ ದಿನಗಳು ವರ್ಷದಲ್ಲಿ ಕಡಿಮೆ. ಇಂಥ ಕಡೆ ದೋಣಿಗೆ ಇರಬೇಕಾದ ಗುಣಗಳು ಇವು: ಅತಿ ಕಡಿಮೆ ನೀರಿನಲ್ಲಿ ತೇಲಬೇಕು, ಯಾವ ದಿಕ್ಕಿಗಾದರೂ ಕ್ಷಣದಲ್ಲಿ ತಿರುಗಬೇಕು, ನೀರು ಮುಗಿದ ಕಡೆ ಒಬ್ಬನೇ ಹೊತ್ತು ನಡೆಯುವಂತಿರಬೇಕು, ಒಡೆದರೆ ದಡದಲ್ಲೇ ರಿಪೇರಿ ಆಗಬೇಕು.

ತೆಪ್ಪ ಈ ನಾಲ್ಕನ್ನೂ ಪೂರೈಸುತ್ತದೆ. ಹಸಿ ಬಿದಿರನ್ನು ಸೀಳಿ ದಬ್ಬೆ ಮಾಡಿ, ನೆಲದ ಮೇಲೆ ಅಡಿಯ ಹೆಣಿಗೆ ಹಾಕಿ, ದಬ್ಬೆಗಳ ತುದಿಗಳನ್ನು ಮೇಲಕ್ಕೆ ಬಗ್ಗಿಸಿ ಗೋಡೆ ಎಬ್ಬಿಸಿ, ಬಾಯಂಚಿಗೆ ದಪ್ಪನೆಯ ಬಿದಿರಿನ ಸುತ್ತು ಬಿಗಿಯುತ್ತಾರೆ. ಹಿಂದೆ ಇದಕ್ಕೆ ಎಮ್ಮೆಯ ಅಥವಾ ಎತ್ತಿನ ಚರ್ಮದ ಹೊದಿಕೆ ಇರುತ್ತಿತ್ತು. ಈಗ ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಹೊಲಿದು ಹೊದಿಸಿ ಡಾಂಬರು ಬಳಿಯುತ್ತಾರೆ. ವಿಜಯನಗರಕ್ಕೆ 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯ ಮೇಲೆ ಇದನ್ನೇ ಕಂಡು ಬರೆದಿಟ್ಟಿದ್ದಾನೆ: ಬುಟ್ಟಿಯಂಥ ಗುಂಡು ದೋಣಿ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುವಂಥದ್ದು, ಯಾವಾಗಲೂ ಸುತ್ತುತ್ತಲೇ ಸಾಗುವಂಥದ್ದು. ಅವನಿಗಿಂತ ಎರಡು ಸಾವಿರ ವರ್ಷ ಹಿಂದೆ ಹೆರೊಡೋಟಸ್ ಬ್ಯಾಬಿಲೋನಿಗೆ ಹೊಳೆಯಿಳಿದು ಬರುವ ಗುಂಡನೆಯ ಚರ್ಮದ ದೋಣಿಗಳನ್ನು ವರ್ಣಿಸಿದ್ದಾನೆ. ಸರಕು ಮಾರಿದ ಮೇಲೆ ವ್ಯಾಪಾರಿಗಳು ಚೌಕಟ್ಟನ್ನೂ ಮಾರಿ, ಚರ್ಮವನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ಊರಿಗೆ ಮರಳುತ್ತಿದ್ದರಂತೆ. ಹರಿವಿನ ಜೊತೆ ಇಳಿಯುವುದು, ನೆಲದ ಮೇಲೆ ಹಿಂತಿರುಗುವುದು: ಡ್ರಿಫ್ಟ್ ಬೋಟಿನ ತತ್ವವೂ ಇದೇ ಅಲ್ಲವೇ? ಒರೆಗಾನ್‌ನವರು ಟ್ರೈಲರಿನಲ್ಲಿ ಮಾಡುವುದನ್ನು ನಮ್ಮ ಬೆಸ್ತರು ತೆಪ್ಪವನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ದಡದಗುಂಟ ನಡೆದು ಮಾಡುತ್ತಾರೆ.

ಕಡಿಮೆ ನೀರಿನ ಮಾತನ್ನು ಲೆಕ್ಕ ಹಾಕಿಯೇ ನೋಡಬಹುದು. ಎರಡು ಮೀಟರ್ ಅಡ್ಡಳತೆಯ ತೆಪ್ಪದ ಅಡಿ ಚಪ್ಪಟೆ ಎಂದು ಇಟ್ಟುಕೊಂಡರೆ ಅದರ ವಿಸ್ತೀರ್ಣ ಸುಮಾರು 3.14 ಚದರ ಮೀಟರ್. ಅದು ಒಂದು ಸೆಂಟಿಮೀಟರ್ ಮುಳುಗಿದರೆ 31 ಲೀಟರ್ ನೀರನ್ನು ಸರಿಸುತ್ತದೆ, ಅಂದರೆ 31 ಕೆ.ಜಿ. ಹೊರುತ್ತದೆ. ತೆಪ್ಪಕ್ಕೆ 40 ಕೆ.ಜಿ., ಮೂರು ಜನಕ್ಕೆ 180 ಕೆ.ಜಿ. ಎಂದು ಹಿಡಿದರೆ ಏಳು ಸೆಂಟಿಮೀಟರ್ ನೀರು ಸಾಕು. ಅಲ್ಯೂಮಿನಿಯಂ ದೋಣಿಯ ಅಡಿ ನೀರಿಗೆ ತಾಗುವ ಜಾಗ ನಾಲ್ಕು ಚದರ ಮೀಟರ್ ಎಂದುಕೊಂಡರೂ ತನ್ನ ತೂಕದಿಂದಲೇ ಅದು ಅಷ್ಟೇ ಜನರಿಗೆ ಎಂಟು–ಒಂಬತ್ತು ಸೆಂಟಿಮೀಟರ್ ಇಳಿಯುತ್ತದೆ. ವ್ಯತ್ಯಾಸ ದೊಡ್ಡದಲ್ಲ, ಮತ್ತು ಅದು ನನ್ನ ವಾದಕ್ಕೆ ಅಡ್ಡಿಯೂ ಅಲ್ಲ. ಎರಡು ದೇಶದ ಜನ, ಒಬ್ಬರನ್ನೊಬ್ಬರು ಅರಿಯದೆ, ಕಲ್ಲುಹೊಳೆಗೆ ಒಂದೇ ಬಗೆಯ ಪರಿಹಾರ ಕಂಡುಕೊಂಡರು ಎಂಬುದನ್ನು ಅದು ತೋರಿಸುತ್ತದೆ. ಆದರೆ ಒಂದನ್ನು ಹೊರಲು ನಾಲ್ಕು ಜನ ಬೇಕು, ಇನ್ನೊಂದಕ್ಕೆ ಒಬ್ಬ ಸಾಕು.

ಮೀನು ಹಿಡಿಯುವ ಕೆಲಸದಲ್ಲಿ ತೆಪ್ಪ ಎಷ್ಟು ಗಟ್ಟಿ ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ ಕೊಟ್ಟಿದೆ. ಕಾವೇರಿ ಕೊಳ್ಳದ ಬಿಳಿಮೀನು, ಅಂದರೆ ಮಹಶೀರ್, ಜಗತ್ತಿನ ಗಾಳಗಾರರು ಹುಡುಕಿಕೊಂಡು ಬಂದ ಮೀನು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದದ್ದು 120 ಪೌಂಡ್, ಅಂದರೆ 54 ಕೆ.ಜಿ. ತೂಗಿತ್ತು. 1970ರ ದಶಕದ ಕೊನೆಯಿಂದ ಭೀಮೇಶ್ವರಿಯ ಸುತ್ತಲಿನ ಮಡುಗಳಿಗೆ ವಿದೇಶದ ಗಾಳಗಾರರು ಬರತೊಡಗಿದರು. ಹಿಡಿದು, ತೂಗಿ, ಬಿಟ್ಟುಬಿಡುವ ಪದ್ಧತಿ ನಡೆಯಿತು. ಇವರು ಯಾವ ದೋಣಿ ಬೇಕಾದರೂ ಹಡಗಿನಲ್ಲಿ ತರಿಸಿಕೊಳ್ಳಬಲ್ಲವರು. ಆದರೂ ಹೊಳೆ ದಾಟಲು, ಗಾಳಕ್ಕೆ ಬಿದ್ದ ಮೀನು ರಭಸದ ಹರಿವಿನಲ್ಲಿ ಕೆಳಕ್ಕೆ ಓಡಿದಾಗ ಬೆನ್ನುಹತ್ತಲು, ಬಂಡೆಗೆ ಸಿಕ್ಕಿಕೊಂಡ ದಾರವನ್ನು ಬಿಡಿಸಲು ನೆಚ್ಚಿಕೊಂಡದ್ದು ಸ್ಥಳೀಯ ಅಂಬಿಗನ ತೆಪ್ಪವನ್ನೇ. ಉದ್ದನೆಯ ದೋಣಿಗೆ ಮುಂದು ಹಿಂದು ಎಂದಿರುತ್ತದೆ, ಅಡ್ಡ ತಿರುಗಿ ಬಂಡೆಗೆ ಒರಗಿದರೆ ನೀರು ಒಳನುಗ್ಗಿ ಮಗುಚುತ್ತದೆ. ತೆಪ್ಪಕ್ಕೆ ಅಡ್ಡ ಎಂಬುದೇ ಇಲ್ಲ. ಬಂಡೆಗೆ ತಾಗಿದರೆ ಉರುಳಿಕೊಂಡಂತೆ ತಿರುಗಿ ಸರಿದು ಹೋಗುತ್ತದೆ.

ಮೀನಿನ ಕಿವಿಯ ಸಂಗತಿಯನ್ನೂ ಇಲ್ಲಿ ಹೇಳಬೇಕು, ಯಾಕೆಂದರೆ ದೋಣಿ ಕಟ್ಟುವವರು ಇದನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಿಳಿಮೀನು, ಕಾಟ್ಲಾ, ರೋಹು, ಗೆಂಡೆ ಎಲ್ಲವೂ ಒಂದೇ ದೊಡ್ಡ ಕುಟುಂಬದವು. ಈ ಕುಟುಂಬದ ಮೀನುಗಳಲ್ಲಿ ಹೊಟ್ಟೆಯೊಳಗಿನ ಗಾಳಿಚೀಲಕ್ಕೂ ಒಳಗಿವಿಗೂ ನಡುವೆ ಸಣ್ಣ ಮೂಳೆಗಳ ಸರಪಳಿ ಇದೆ. ನೀರಿನ ಕಂಪನ ಗಾಳಿಚೀಲವನ್ನು ನಡುಗಿಸುತ್ತದೆ, ಮೂಳೆಗಳು ಅದನ್ನು ಕಿವಿಗೆ ಮುಟ್ಟಿಸುತ್ತವೆ. ಹಾಗಾಗಿ ಬೇರೆ ಅನೇಕ ಮೀನುಗಳಿಗಿಂತ ಇವಕ್ಕೆ ಸದ್ದು ಚೆನ್ನಾಗಿ ಕೇಳುತ್ತದೆ. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಸಾಗುತ್ತದೆ. ತೆಳು ಲೋಹದ ತಗಡಿನ ಮೇಲೆ ಹುಟ್ಟು ತಾಗಿದರೆ, ಲಂಗರಿನ ಕಲ್ಲು ಬಿದ್ದರೆ, ಅಡಿ ಬಂಡೆಗೆ ಉಜ್ಜಿದರೆ ಇಡೀ ದೋಣಿ ತಮಟೆಯಾಗುತ್ತದೆ. ಬಿದಿರಿನ ಹೆಣಿಗೆ ಮತ್ತು ಡಾಂಬರಿನ ಹೊದಿಕೆ ಆ ಸದ್ದನ್ನು ನುಂಗಿಬಿಡುತ್ತವೆ. ಅಲ್ಯೂಮಿನಿಯಂ ಅಡಿ ಬಂಡೆಗೆ ಕಚ್ಚಿಕೊಳ್ಳುವ ಗುಣದ್ದು ಕೂಡ. ಅದಕ್ಕಾಗಿಯೇ ಅಲ್ಲಿಯ ಮಾಲೀಕರು ದೋಣಿಯಡಿಗೆ ಜಾರುವ ಪ್ಲಾಸ್ಟಿಕ್ ಹಾಳೆ ಅಥವಾ ಎಪಾಕ್ಸಿ ಲೇಪ ಹಚ್ಚುತ್ತಾರೆ. ಬಂಡೆ ಮುಟ್ಟುವ ಮೈಗೆ ಲೋಹಕ್ಕಿಂತ ಮೆತ್ತನೆಯ ವಸ್ತುವೇ ಮೇಲು ಎಂದು ಅವರೂ ಒಪ್ಪಿಕೊಂಡಂತಾಯಿತು.

ಇದಕ್ಕೆ ಎದುರಾಗಿ ಬರುವ ಮಾತುಗಳು ಹಗುರವಲ್ಲ. ಮೊದಲನೆಯದು ಬಾಳಿಕೆ. ಚೆನ್ನಾಗಿ ಬೆಸೆದ ಅಲ್ಯೂಮಿನಿಯಂ ದೋಣಿ ಒಂದು ತಲೆಮಾರು ಬಾಳುತ್ತದೆ. ತೆಪ್ಪಕ್ಕೆ ಮೇಲಿಂದ ಮೇಲೆ ಡಾಂಬರು ಬೇಕು, ಕೆಲವು ವರ್ಷಕ್ಕೆ ಬಿದಿರೇ ಕೆಡುತ್ತದೆ. ಇದು ನಿಜ. ಆದರೆ ಬಿದಿರು ಬೇಗ ಕೆಡುವುದಕ್ಕೆ ಮುಖ್ಯ ಕಾರಣ ಅದರೊಳಗಿನ ಪಿಷ್ಟ. ಕುಟ್ಟೆಹುಳು ಬರುವುದು ಅದನ್ನು ತಿನ್ನಲು. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಪಿಷ್ಟ ಕರಗಿ ಹೋಗುತ್ತದೆ ಎಂಬುದು ಹಳಬರಿಗೆ ಗೊತ್ತಿದ್ದ ವಿದ್ಯೆ. ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿದರೆ ಇನ್ನೂ ಹೆಚ್ಚು ಕಾಲ ತಡೆಯುತ್ತದೆ. ಆದರೆ ಅದು ನೀರಿಗೆ ತೊಳೆದುಹೋಗುವ ಲವಣವಾದ್ದರಿಂದ ಹೊದಿಕೆ ಸೋರದಂತೆ ನೋಡಿಕೊಳ್ಳಬೇಕು. ಬಿದಿರು ಸಿಗುವುದು ಕಷ್ಟ ಎಂಬ ದೂರಿಗೂ ಈಗ ಮೊದಲಿನ ಬಲವಿಲ್ಲ. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದು, ಬಿದಿರನ್ನು ಮರ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟರು. ಕಾಡಿನ ಹೊರಗೆ, ನಮ್ಮ ಬದುವಿನಲ್ಲಿ ಬೆಳೆದ ಬಿದಿರನ್ನು ಕಡಿಯಲು ಆ ಕಾಯ್ದೆಯ ತೊಡಕು ಈಗಿಲ್ಲ. ನಾಲೆಯ ಬದಿಯ ಒಂದು ಮೆಳೆಯಿಂದ ಮನೆಗೆ ಬೇಕಾದ ತೆಪ್ಪಗಳು ಹುಟ್ಟಬಹುದು. ತಗಡಿಗೆ ಬೆಂಗಳೂರಿಗೆ ಹೋಗಬೇಕು.

ಫೈಬರ್ ಗ್ಲಾಸಿನ ತೆಪ್ಪ ಇದೆಯಲ್ಲ, ಮೀನುಗಾರಿಕೆ ಇಲಾಖೆಯೇ ಸಹಾಯಧನದಲ್ಲಿ ಕೊಡುತ್ತದಲ್ಲ ಎನ್ನುವವರಿದ್ದಾರೆ. ಕೆರೆಗೆ, ಕನ್ನಂಬಾಡಿಯ ಹಿನ್ನೀರಿಗೆ ಅದು ಒಳ್ಳೆಯದೇ. ಅಲ್ಲಿ ಬಂಡೆಯ ಹೊಡೆತ ಕಡಿಮೆ, ಡಾಂಬರಿನ ಕಾಟ ತಪ್ಪುತ್ತದೆ. ಕಲ್ಲುಹರಿವಿನಲ್ಲಿ ಮಾತ್ರ ಅದರ ಬಿರುಸು ಮೈ ಬಿರುಕು ಬಿಡುತ್ತದೆ, ಹೆಣಿಗೆಯಂತೆ ಬಗ್ಗಿ ಮತ್ತೆ ನೆಟ್ಟಗಾಗುವ ಗುಣ ಅದಕ್ಕಿಲ್ಲ. ಬಿರುಕು ಮುಚ್ಚಲು ರಾಳ, ಗಟ್ಟಿಕಾರಕ, ಒಣಗುವ ಸಮಯ ಎಲ್ಲ ಬೇಕು. ಅಲ್ಯೂಮಿನಿಯಂ ದೋಣಿಗೂ ಇದೇ ನ್ಯಾಯ. ನಿಂತ ನೀರಿನಲ್ಲಿ, ರಸ್ತೆಯಿಂದ ನೇರ ಇಳಿಸುವ ಕಡೆ, ಎಂಜಿನ್ ಹೂಡುವ ಕೆಲಸಕ್ಕೆ, ಪ್ರವಾಹದಲ್ಲಿ ಜನರನ್ನು ಸಾಗಿಸಲು ಅದೇ ಸರಿ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಸುರಕ್ಷತೆಯದು. ತೆಪ್ಪ ಮಗುಚಿ ಜನ ಸತ್ತ ಸುದ್ದಿಯನ್ನು ಕಾವೇರಿ ದಡದ ಊರುಗಳು ಮರೆಯುವಂತಿಲ್ಲ, ಮರೆಯಬಾರದು. ಆದರೆ ತೆಪ್ಪ ಯಾಕೆ ಮಗುಚುತ್ತದೆ ಎಂಬುದನ್ನು ಅರಿತರೆ ದೋಷ ಎಲ್ಲಿದೆ ಎಂದು ಗೊತ್ತಾಗುತ್ತದೆ. ತೆಪ್ಪ ವಾಲಿದಾಗ ಅದನ್ನು ಮತ್ತೆ ನೆಟ್ಟಗೆ ಮಾಡುವ ಬಲ ಮುಖ್ಯವಾಗಿ ಅದರ ಅಗಲದಿಂದ ಬರುತ್ತದೆ. ಒಳಗೆ ಎಷ್ಟು ಜನ ಕೂತರೂ ಆ ಬಲ ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ. ಆದರೆ ಕೂತವರು ಒಂದೇ ಕಡೆ ವಾಲಿದಾಗ ಕೆಡವುವ ಬಲ ಮಾತ್ರ ತಲೆಯೆಣಿಕೆಯಂತೆ ಏರುತ್ತ ಹೋಗುತ್ತದೆ. ಮೂವರು ಒಂದು ಬದಿಗೆ ಸರಿದರೆ ತಡೆದುಕೊಳ್ಳುವ ತೆಪ್ಪ ಹತ್ತು ಜನ ಸರಿದರೆ ತಡೆಯಲಾರದು. ಅಂಚು ನೀರಿನಿಂದ ಇನ್ನೂ ಒಂದಡಿ ಮೇಲಿದೆ, ಇನ್ನಿಬ್ಬರು ಹತ್ತಬಹುದು ಎಂಬ ಲೆಕ್ಕ ಮೋಸದ್ದು. ಜಾತ್ರೆಯ ದಿನ, ಪ್ರವಾಸಿಗರ ದಿನ ನಡೆಯುವ ದುರಂತಗಳಿಗೆ ಬಿದಿರು ಕಾರಣವಲ್ಲ. ಅಲ್ಯೂಮಿನಿಯಂ ದೋಣಿಗೂ ಇದೇ ನಿಯಮ. ಅದು ನೀರು ತುಂಬಿದರೆ ನೇರ ತಳಕ್ಕೇ ಹೋಗುತ್ತದೆ, ಯಾಕೆಂದರೆ ಲೋಹ ನೀರಿಗಿಂತ 2.7 ಪಟ್ಟು ಭಾರ. ಬಿದಿರು ಕೊನೆಗೂ ತೇಲುತ್ತದೆ. ಅದು ಜನರನ್ನೂ ತೇಲಿಸುವಂತೆ ಮಾಡುವುದು ಸುಲಭದ ಕೆಲಸ, ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಇನ್ನೊಂದು ಮಾತು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿರುತ್ತದೆ: ಬುಟ್ಟಿದೋಣಿ ಬಡತನದ ಗುರುತು, ಬೆಸ್ತರ ಮಕ್ಕಳು ಇನ್ನೂ ಅದರಲ್ಲೇ ಇರಬೇಕೆ? ನಾನು ಈ ಪ್ರಶ್ನೆಯನ್ನು ಗೌರವಿಸುತ್ತೇನೆ. ಯಾರನ್ನೂ ಹಳೆಯದಕ್ಕೆ ಕಟ್ಟಿಹಾಕುವ ಹಕ್ಕು ನಮಗಿಲ್ಲ. ಆದರೆ ಮೆಕೆನ್ಸಿ ನದಿಯ ದೋಣಿಯೂ ಹೊಳೆಯ ಮೇಲೆ ಹೊಟ್ಟೆ ಹೊರೆದವರ ಕೆಲಸದ ದೋಣಿಯೇ ಆಗಿತ್ತು. ಅಲ್ಲಿಯ ಬಡಗಿಗಳು ಅದನ್ನು ಅಳೆದರು, ನಕ್ಷೆ ಬರೆದರು, ಒಂದು ಇಳಿತದಲ್ಲಿ ಕಂಡ ತೊಂದರೆಯನ್ನು ಮುಂದಿನ ದೋಣಿಯಲ್ಲಿ ತಿದ್ದಿದರು. ಇವತ್ತು ಯಾರು ಬೇಕಾದರೂ ಆ ನಕ್ಷೆ ತೆಗೆದುಕೊಂಡು ಮನೆಯಲ್ಲಿ ಕಟ್ಟಬಹುದು, ಕಟ್ಟಿದವನಿಗೆ ಊರಿನಲ್ಲಿ ಮರ್ಯಾದೆ ಇದೆ. ನಮ್ಮಲ್ಲಿ ಹೊದಿಕೆ ಚರ್ಮದಿಂದ ಪ್ಲಾಸ್ಟಿಕ್ಕಿಗೆ ಬಂತು. ಮಿಕ್ಕದ್ದನ್ನು ಯಾರೂ ಕುಳಿತು ಯೋಚಿಸಲಿಲ್ಲ. ಹೆಣೆಯುವ ಮೇದರ, ಓಡಿಸುವ ಬೆಸ್ತ, ಲೆಕ್ಕ ಹಾಕಬಲ್ಲ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ಈ ಮೂವರು ಒಂದೇ ಅಂಗಳದಲ್ಲಿ ಕೂತದ್ದು ಅಪರೂಪ. ಮಂಡ್ಯದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಪಾಲಿಟೆಕ್ನಿಕ್ ಇದೆ, ಹೊಳೆ ಒಂದು ಗಂಟೆಯ ದಾರಿ. ಎರಡು ಮೀಟರ್ ತೆಪ್ಪಕ್ಕೆ ಎಷ್ಟು ದಬ್ಬೆ, ಯಾವ ದಪ್ಪ, ಎಷ್ಟು ಜನ ಎಂದು ಒಂದು ಹಾಳೆಯ ಮೇಲೆ ಬರೆದಿಡುವುದು ದೊಡ್ಡ ಸಂಶೋಧನೆಯೇನಲ್ಲ.

ದೋಣಿ ಎಲ್ಲಿ ಇಳಿಸಬೇಕು ಎಂಬುದರಲ್ಲಿ ಕಾನೂನಿನ ಮಾತೂ ಇದೆ. ಮುತ್ತತ್ತಿ, ಭೀಮೇಶ್ವರಿಗಳ ಹೊಳೆ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಪಾಲು. ಹಿಡಿದು ಬಿಡುವ ಗಾಳಗಾರಿಕೆಯೂ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆಯೇ ಎಂಬ ನಿಲುವು ಬಂದ ಮೇಲೆ, 2010ರ ಆಸುಪಾಸಿನಲ್ಲಿ ಅಲ್ಲಿಯ ಗಾಳದ ಶಿಬಿರಗಳು ನಿಂತವು. ಬೆನ್ನುಗೂನಿನ ಬಿಳಿಮೀನಿಗೆ 2018ರಲ್ಲಿ ವಿಜ್ಞಾನಿಗಳು ಟಾರ್ ರೆಮಾದೇವಿ ಎಂಬ ಖಚಿತ ಹೆಸರನ್ನು ಗೊತ್ತುಮಾಡಿದರು, ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು. ಆ ಮಡುಗಳು ಆ ಮೀನಿಗೇ ಇರಲಿ. ಅಭಯಾರಣ್ಯದ ಹೊರಗೆ, ಶ್ರೀರಂಗಪಟ್ಟಣದ ಕೆಳಗಿನಿಂದ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ, ಬೆಳಕವಾಡಿಗಳ ಕಡೆಯವರೆಗೆ ಹರಿಯುವ ಹೊಳೆಯಲ್ಲಿ, ಮೀನುಗಾರಿಕೆ ಇಲಾಖೆಯ ಪರವಾನಗಿ ಇಟ್ಟುಕೊಂಡು ಬಲೆ ಬಿಡಬಹುದು, ಗಾಳ ಹಾಕಬಹುದು. 2021ರ ಒಳನಾಡು ಹಡಗುಗಳ ಕಾಯ್ದೆ ಎಂಜಿನ್ ಇಲ್ಲದ ದೋಣಿಗಳನ್ನೂ ಸ್ಥಳೀಯ ಆಡಳಿತದ ಕಣ್ಣಿಗೆ ತಂದಿದೆ. ಗ್ರಾಮ ಪಂಚಾಯಿತಿಗಳು ತೆಪ್ಪಗಳ ಲೆಕ್ಕ ಇಡಲು, ಎಷ್ಟು ಜನ ಎಂಬುದನ್ನು ಬಣ್ಣದಲ್ಲಿ ಬರೆಸಲು ಇದೊಂದು ಅವಕಾಶ.

ಹಾಗಾದರೆ ಅಂಗಳದಲ್ಲಿ ಕಟ್ಟಬೇಕಾದದ್ದು ಹೇಗಿರಬೇಕು? ಅಡ್ಡಳತೆ ಎರಡು ಮೀಟರಿಗೆ ಕಡಿಮೆ ಬೇಡ. ಮಳೆಗಾಲ ಮುಗಿದ ಮೇಲೆ ಕಡಿದ, ಮೂರು ವರ್ಷ ಬಲಿತ ಬಿದಿರು, ನೀರಿನಲ್ಲಿ ನೆನೆಸಿ ನೆರಳಿನಲ್ಲಿ ಆರಿಸಿದ್ದು. ಅಡಿಯ ಹೆಣಿಗೆಯನ್ನು ನಡುವೆ ಒತ್ತಾಗಿ, ಅಂಚಿಗೆ ಹೋದಂತೆ ಸಡಿಲವಾಗಿ ಇಡಬೇಕು. ಕಲ್ಲಿನ ಹೊಡೆತ ಬೀಳುವುದು ನಡುವಿಗೆ. ಹೊದಿಕೆಯ ಹೊಲಿಗೆ ಎರಡು ಪದರ, ಡಾಂಬರು ಎರಡು ಸಲ. ಡ್ರಿಫ್ಟ್ ಬೋಟಿನಿಂದ ಎರಡು ವಿಷಯ ಎರವಲು ತರಬಹುದು. ಒಂದು, ಹಗ್ಗ ಬಿಟ್ಟರೆ ಇಳಿಯುವ, ಎಳೆದರೆ ಮೇಲೇರುವ ಲಂಗರು. ತೆಪ್ಪವನ್ನು ಹರಿವಿನ ನಡುವೆ ನಿಲ್ಲಿಸಿ ಬಲೆ ಬಿಡಲು ಇದರಷ್ಟು ಸಹಾಯ ಬೇರೆ ಇಲ್ಲ. ಇನ್ನೊಂದು, ಅಡ್ಡಲಾಗಿ ಬಿಗಿದ ಆಸನದ ಹಲಗೆ. ಅದರಿಂದ ಜನ ನಡುವಿನಲ್ಲೇ ಕೂರುತ್ತಾರೆ, ಅಂಚಿಗೆ ಒರಗುವುದಿಲ್ಲ. ಆ ಹಲಗೆಯ ಅಡಿಯಲ್ಲಿ ಎಣ್ಣೆಯ ಖಾಲಿ ಕ್ಯಾನುಗಳನ್ನು ಮುಚ್ಚಳ ಬಿಗಿದು ಕಟ್ಟಬೇಕು. ಇಪ್ಪತ್ತು ಲೀಟರಿನ ಎರಡು ಕ್ಯಾನು ಮುಳುಗಿದಾಗ ಸುಮಾರು 40 ಕೆ.ಜಿ. ಎತ್ತುತ್ತವೆ. ನೀರಿನಲ್ಲಿರುವ ಮನುಷ್ಯನ ತಲೆ ಮೇಲಿರಲು ಏಳೆಂಟು ಕೆ.ಜಿ. ಸಾಕಾದ್ದರಿಂದ ಮಗುಚಿದ ತೆಪ್ಪವನ್ನು ಹಿಡಿದ ನಾಲ್ವರು ದಡದವರೆಗೆ ತೇಲಬಹುದು. ಬಾಯಂಚಿನ ಸುತ್ತ ಹಿಡಿಯಲು ಹಗ್ಗದ ಕುಣಿಕೆಗಳಿರಲಿ, ಕೂತ ಪ್ರತಿಯೊಬ್ಬರ ಮೈಮೇಲೆ ಜೀವರಕ್ಷಕ ಜಾಕೆಟ್ ಇರಲಿ. ತೂಬು ತೆರೆಯುವ ಸುದ್ದಿ ಬಂದ ದಿನ ತೆಪ್ಪವನ್ನು ನೀರಿನಿಂದ ಎತ್ತಿ, ತೇವವಿಲ್ಲದ ಜಾಗದಲ್ಲಿ, ಗೆದ್ದಲು ತಾಗದಂತೆ ಎರಡು ಕಲ್ಲಿನ ಮೇಲೆ ಬೋರಲು ಹಾಕಿಡಬೇಕು.